ಬೀಗದಕ್ಕನ ಮೂರು ದಿನ

ಬೆಳಗಿನ ಐದೂವರೆ. ಆಸ್ಪತ್ರೆಯ ನೆಲಮಾಳಿಗೆಯಲ್ಲಿ, ಬಟ್ಟೆ ಒಗೆಯುವ ಯಂತ್ರಗಳ ಪಕ್ಕದ ಇಕ್ಕಟ್ಟಾದ ಕೋಣೆಯಲ್ಲಿ ದೀಪ ಉರಿಯುತ್ತಿದೆ. ಕಿಟಕಿ ಇಲ್ಲ. ಗೋಡೆಯುದ್ದಕ್ಕೂ ಕಬ್ಬಿಣದ ಗೂಡುಗಳು. ಗೂಡಿಗೊಂದು ಟ್ಯಾಬ್, ಒಂದು ಚಾರ್ಜರ್ ವೈರು, ಒಂದು ಹಸಿರು ಚುಕ್ಕೆ. ಐವತ್ತೊಂದರ ಹೆಂಗಸೊಬ್ಬರು ಟ್ಯಾಬೊಂದನ್ನು ಮಡಿಲಲ್ಲಿಟ್ಟುಕೊಂಡು ಅದರ ಮೇಲೆ ಬೆರಳಾಡಿಸುತ್ತಿದ್ದಾರೆ. ನಾಲ್ಕೂ ಮೂಲೆ ಒತ್ತುತ್ತಾರೆ. ಮೇಲಿನಿಂದ ಕೆಳಕ್ಕೆ ಎಳೆಯುತ್ತಾರೆ. ಪಕ್ಕದ ಗುಂಡಿಗಳನ್ನು ಒಟ್ಟಿಗೆ ಅದುಮಿ ಹಿಡಿಯುತ್ತಾರೆ. ಟ್ಯಾಬ್ ಆರಿ, ಮತ್ತೆ ಹೊತ್ತಿಕೊಂಡು, ಮೊದಲಿದ್ದ ಮೂರು ಚಿತ್ರಗಳಿಗೇ ಬಂದು ನಿಲ್ಲುತ್ತದೆ: ಮನೆಗೆ ಕರೆ, ನರ್ಸಿಗೆ ಕರೆ, ಹಾಡು.

"ಕಳ್ಳನ ಹಾಗೆ ಯೋಚ್ನೆ ಮಾಡ್ಬೇಕು, ಚಿಕ್ಕ ಮಗು ಹಾಗೆ ಎಲ್ಲಾ ಒತ್ತಿ ನೋಡ್ಬೇಕು. ಇಬ್ರೂ ಸೋತ್ರೆ ಬೀಗ ಗಟ್ಟಿ ಅಂತ," ಎನ್ನುತ್ತಾರೆ ಅವರು. ಟ್ಯಾಬನ್ನು ಸ್ಪಿರಿಟ್ ಬಟ್ಟೆಯಿಂದ ಒರೆಸಿ ಗೂಡಿಗೆ ಸೇರಿಸುತ್ತಾರೆ.

ಆಸ್ಪತ್ರೆಯಲ್ಲಿ ಇವರಿಗೆ ಬೀಗದಕ್ಕ ಎಂದೇ ಹೆಸರು. ರೋಗಿಗಳ ಹಾಸಿಗೆಯ ಪಕ್ಕದಲ್ಲಿರುವ ನೂರ ನಲವತ್ತು ಟ್ಯಾಬ್, ನರ್ಸುಗಳ ಜೇಬಿನಲ್ಲಿರುವ ಅರವತ್ತೆರಡು ಫೋನ್ ಇವರ ಸುಪರ್ದಿನಲ್ಲಿವೆ. ಯಾವುದರಲ್ಲಿ ಏನು ತೆರೆಯಬೇಕು, ಏನು ತೆರೆಯಬಾರದು ಎಂಬುದನ್ನು ಗೊತ್ತುಮಾಡಿ ಬೀಗ ಹಾಕುವುದು ಕೆಲಸ. ಹಾಸಿಗೆ ಖಾಲಿಯಾದಾಗ ಅಲ್ಲಿನ ಟ್ಯಾಬ್ ಕೆಳಗಿಳಿಯುತ್ತದೆ. ಅದರೊಳಗಿರುವುದನ್ನೆಲ್ಲ ಅಳಿಸಿ, ಹೊಸದಾಗಿ ಬೀಗ ಹಾಕಿ ಮೇಲೆ ಕಳಿಸಬೇಕು. ದಿನಕ್ಕೆ ಹದಿನೈದರಿಂದ ಇಪ್ಪತ್ತು. ಪಿನ್ ಮರೆತೆವೆಂದು ಓಡಿ ಬರುವ ನರ್ಸುಗಳು ಬೇರೆ. ಫೋನಿನಲ್ಲಿ ಒಂದು ಸಿನಿಮಾ ಹಾಕಿಕೊಡಿ ಎಂದು ಪೂಸಿ ಹೊಡೆಯುವವರೂ ಉಂಟು. "ದೇವರು ವರ ಕೊಟ್ರೂ ಪೂಜಾರಿ ಕೊಡಲ್ಲ ಅಂತಾರಲ್ಲ, ಆ ಪೂಜಾರಿ ನಾನೇ," ಎಂದು ನಗುತ್ತಾರೆ.

ಆರಕ್ಕೆ ಮೊದಲ ಟ್ರೇ ಬರುತ್ತದೆ. ಏಳು ಟ್ಯಾಬ್. ಪ್ರತಿಯೊಂದಕ್ಕೂ ರಬ್ಬರ್ ಬ್ಯಾಂಡ್ ಸುತ್ತಿ ಒಂದು ಚೀಟಿ ಸಿಕ್ಕಿಸಿದೆ. ಚೀಟಿಯಲ್ಲಿ ಹಾಸಿಗೆಯ ಸಂಖ್ಯೆ ಮಾತ್ರ ಇದೆ, ಬೇರೇನೂ ಇಲ್ಲ. ಬೀಗದಕ್ಕ ಗೋಡೆಯ ಫೋನೆತ್ತಿ ವಾರ್ಡಿಗೆ ಕರೆ ಮಾಡುತ್ತಾರೆ.

"ಹನ್ನೆರಡು?"

"ನಡ್ಕೊಂಡೇ ಹೋದ್ರು ಅಕ್ಕ. ನಮ್ಮನ್ನೆಲ್ಲ ಸಾಲಾಗಿ ನಿಲ್ಲಿಸಿ ಬೈದು ಹೋದ್ರು."

"ಬೈಯೋಷ್ಟು ಶಕ್ತಿ ಬಂದಿತ್ತಲ್ಲ, ಸಾಕು ಬಿಡಿ. ಹದಿನೇಳು?"

"ಮಗಳು ಬಂದು ಕರ್ಕೊಂಡು ಹೋದ್ರು."

"ಇಪ್ಪತ್ತಮೂರು?"

"ಇಲ್ಲ ಅಕ್ಕ. ನಾಲ್ಕೂ ಹತ್ತಕ್ಕೆ."

"ಮನೆಯವರು?"

"ಒಬ್ರು ಅಕ್ಕ ಇದ್ದಾರೆ, ಅಷ್ಟೇ. ದೂರದೂರು. ವಿಷಯ ತಿಳಿಸಿದ್ದೀವಿ, ಹೊರಟಿದ್ದಾರೆ."

ಬೀಗದಕ್ಕ ಇಪ್ಪತ್ತಮೂರರ ಟ್ಯಾಬನ್ನು ಟ್ರೇಯಿಂದ ತೆಗೆಯುತ್ತಾರೆ. ತಮ್ಮ ಪಿನ್ ಒತ್ತಿ, ನೆಟ್ ಸಂಪರ್ಕ ಕಡಿದು, ಬಾಗಿಲ ಮೇಲಿನ ಸ್ಟೀಲ್ ಕಪಾಟಿನಲ್ಲಿ ಇಡುತ್ತಾರೆ. ನೆಟ್ ಇಲ್ಲದಿದ್ದರೆ, ಟ್ರೇಯಲ್ಲಿ ಬಂದ ಎಲ್ಲಕ್ಕೂ ಒಟ್ಟಿಗೆ ಕೊಡುವ ಅಳಿಸುವ ಆದೇಶ ಅದನ್ನು ಮುಟ್ಟುವುದಿಲ್ಲ. ಅಲ್ಲಿ ಅದು ಮೂರು ದಿನ ಇರುತ್ತದೆ. ನಿಯಮದ ಪುಸ್ತಕದಲ್ಲಿ ಈ ಮೂರು ದಿನ ಎಲ್ಲಿಯೂ ಇಲ್ಲ. ಮೂರು ವರ್ಷದಿಂದ ನಡೆದುಬಂದಿದೆ, ಯಾರೂ ಬೇಡವೆಂದಿಲ್ಲ. ಬರುವ ಸೋಮವಾರಕ್ಕೆ ಇದು ಮುಗಿಯುತ್ತದೆ.

ಮೊದಲು ಅವರು ಇದೇ ಆಸ್ಪತ್ರೆಯ ದಾಖಲೆ ಕೋಣೆಯಲ್ಲಿ ಟೈಪಿಸ್ಟ್ ಆಗಿದ್ದರು. ಕಾಗದ ನಿಂತು ಟ್ಯಾಬ್ ಬಂದಾಗ ಆ ಕೋಣೆಯ ಒಂಬತ್ತು ಮಂದಿ ಮನೆಗೆ ಹೋದರು. ಇವರು ಉಳಿದದ್ದು ಯಾರಿಗೂ ಬೇಡವಾಗಿದ್ದ ಈ ಕೆಲಸ ಒಪ್ಪಿಕೊಂಡದ್ದಕ್ಕೆ. ಗಂಡನ ಹಳೆಯ ಫೋನಿನ ಮೇಲೆ ಕಲಿತರು. "ಬೀಗದ ನಿಯಮ ಬಂದ ಮೊದಲ ವಾರ ಹತ್ತು ಟ್ಯಾಬಿಗೆ ಬೀಗ ಹಾಕಿದೆ. ತೆಗೆಯೋಕೆ ನಂಗೇ ಬರ್ಲಿಲ್ಲ. ಹತ್ತೂ ಎದುರಿಗಿಟ್ಕೊಂಡು ಅತ್ತೆ." ಹನ್ನೊಂದು ವರ್ಷವಾಯಿತು. ಇಂದಿಗೂ ಕೆಲಸ ಕಾಯಂ ಆಗಿಲ್ಲ, ಪ್ರತಿ ವರ್ಷ ಹೊಸ ಸಹಿ. ಬಗ್ಗಿ ಬಗ್ಗಿ ಕುತ್ತಿಗೆ ಒಂದು ಕಡೆಗೆ ತಿರುಗುವುದಿಲ್ಲ. ಬಿಸಿಲು ಕಾಣುವುದು ಮಧ್ಯಾಹ್ನ ಊಟಕ್ಕೆ ಮೇಲೆ ಹೋದಾಗ ಮಾತ್ರ.

ಮನೆಯಲ್ಲಿ ಗಂಡ, ಕಾಲೇಜಿಗೆ ಹೋಗುವ ಮಗಳು, ಎಂಬತ್ತು ದಾಟಿದ ಅತ್ತೆ. ಗಂಡನದು ಬಾಡಿಗೆಯ ಹೊಲಿಗೆ ಅಂಗಡಿ. ಹಿಂದೊಮ್ಮೆ ಯಾರೋ ಕರೆ ಮಾಡಿ, ನಿಮ್ಮ ಮಗನನ್ನು ಠಾಣೆಯಲ್ಲಿ ಕೂರಿಸಿದ್ದೇವೆ ಎಂದು ಅತ್ತೆಯನ್ನು ಹೆದರಿಸಿದ್ದರು. ಆ ದಿನವೇ ಸೊಸೆ ಅವರ ಫೋನಿಗೂ ಬೀಗ ಹಾಕಿದರು. ಈಗ ಅದರಲ್ಲಿ ಮೂರು ಮುಖಗಳಷ್ಟೇ: ಮಗ, ಸೊಸೆ, ಮೊಮ್ಮಗಳು. ಅತ್ತೆಗೆ ಇದು ಸರಿಬಂದಿಲ್ಲ. "ಅತ್ತೆಯನ್ನ ಕೋಣೆಯಲ್ಲಿ ಕೂಡಿಹಾಕೋ ಸೊಸೆಯಂದಿರನ್ನ ನೋಡಿದ್ದೆ. ಫೋನೊಳಗೆ ಕೂಡಿಹಾಕಿದೋಳು ಇವಳೊಬ್ಳೇ," ಎಂದು ಬಂದವರಿಗೆಲ್ಲ ಹೇಳುತ್ತಾರೆ.

ಆಸ್ಪತ್ರೆಯ ಟ್ಯಾಬ್‌ಗಳಿಗೆ ಬೀಗವೇಕೆ ಎಂದು ಕೇಳಿದರೆ ಬೀಗದಕ್ಕನ ನಗು ನಿಲ್ಲುತ್ತದೆ. ಮೊದಲ ವರ್ಷ ಬೀಗವೂ ಇರಲಿಲ್ಲ, ಅಳಿಸುವ ಪದ್ಧತಿಯೂ ಇರಲಿಲ್ಲ. ಒಬ್ಬರ ನಂತರ ಒಬ್ಬರ ಕೈಗೆ ಟ್ಯಾಬ್ ಹಾಗೇ ಹೋಗುತ್ತಿತ್ತು. ಒಂದು ದಿನ ಆಗಷ್ಟೇ ದಾಖಲಾದ ಹೆಂಗಸೊಬ್ಬರು ತಮ್ಮ ಟ್ಯಾಬ್ ತೆರೆದಾಗ, ಹಿಂದಿನ ದಿನ ಅದೇ ಹಾಸಿಗೆಯಲ್ಲಿ ತೀರಿಕೊಂಡವರು ಹೆಂಡತಿಯ ಬಳಿ ಅಳುತ್ತಿದ್ದ ದೃಶ್ಯ ಕಂಡಿತು. ಆಕೆ ಬೇರೆ ಹಾಸಿಗೆ ಕೊಡಿ ಎಂದು ಹಟ ಹಿಡಿದರು. "ಕೋಟೆ ಕೊಳ್ಳೆ ಹೋದ್ಮೇಲೆ ದಿಡ್ಡಿ ಬಾಗಿಲು ಹಾಕಿದ್ರಂತೆ, ಹಾಗೆ ಆಮೇಲೆ ನಿಯಮ ಬಂತು. ನಿಯಮ ಸರಿಯಾಗೇ ಇದೆ. ಒಬ್ರು ಅತ್ತಿದ್ದನ್ನ ಇನ್ನೊಬ್ರು ನೋಡಬಾರ್ದು."

ಆ ಸರಿಯಾದ ನಿಯಮದ ಪ್ರಕಾರವೇ, ಮೂರು ವರ್ಷದ ಹಿಂದೆ, ಬೆಳಗ್ಗೆ ಆರು ಗಂಟೆಗೆ ಅವರು ಒಂದು ಟ್ಯಾಬನ್ನು ಅಳಿಸಿದರು. ಚೀಟಿಯಲ್ಲಿ ಹಾಸಿಗೆಯ ಸಂಖ್ಯೆ ಇತ್ತು. ಮಲಗಿದ್ದವರು ಮನೆಗೆ ಹೋದರೋ ಹೇಗೋ ಎಂದು ಅದು ಹೇಳಲಿಲ್ಲ. ಇವರೂ ಕೇಳಲಿಲ್ಲ.

ಅಂದು ಒಂಬತ್ತಕ್ಕೆ ಒಬ್ಬ ಗಂಡಸು ನೆಲಮಾಳಿಗೆಗೆ ಇಳಿದು ಬಂದರು. ಅಂಗಿಯ ಗುಂಡಿ ಏರುಪೇರಾಗಿತ್ತು. ಅವರ ಹೆಂಡತಿ ಹಿಂದಿನ ಸಂಜೆ ಮನೆಗೆ ಕರೆ ಮಾಡಿದ್ದರು. ಈತ ಕೆಲಸದಲ್ಲಿದ್ದರು, ಎತ್ತಲಿಲ್ಲ. ಯಾರೂ ಎತ್ತದಿದ್ದರೆ ಟ್ಯಾಬ್ ಸಂದೇಶ ಹಿಡಿದಿಟ್ಟುಕೊಳ್ಳುತ್ತದೆ, ನೆಟ್ ಸರಿಯಾಗಿ ಸಿಕ್ಕಾಗ ಕಳಿಸುತ್ತದೆ. ಆ ವಾರ್ಡಿನ ಗೋಡೆ ದಪ್ಪ, ಸಂದೇಶ ಹೋಗಿರಲಿಲ್ಲ. ಏಳು ವರ್ಷದ ಮಗಳಿಗೆ ಜಡೆ ಹಾಕುವುದು ಹೇಗೆಂದು ಆಕೆ ಬ್ಯಾಂಡೇಜ್ ಬಟ್ಟೆಯ ಮೂರು ಪಟ್ಟಿ ಹಿಡಿದು ತೋರಿಸುತ್ತಿದ್ದುದನ್ನು ನರ್ಸೊಬ್ಬರು ನೋಡಿದ್ದರು. ಅವರೇ ಈತನನ್ನು ಕೆಳಗೆ ಕಳಿಸಿದ್ದರು.

"ಅಳಿಸಿಬಿಟ್ಟಿದ್ದೀನಿ ಅಂದೆ," ಎನ್ನುತ್ತಾರೆ ಬೀಗದಕ್ಕ. "ಪೂರ್ತಿನಾ ಅಂದ್ರು. ಪೂರ್ತಿ ಅಂದೆ. ವಾಪಸ್ ತರೋಕೆ ಆಗಲ್ವಾ ಅಂದ್ರು. ಆಗಲ್ಲ. ಇದು ಬೀಗ ಹಾಕಿ ಕೀಲಿಕೈನೇ ಕರಗಿಸಿಬಿಟ್ಟ ಹಾಗೆ. ಬೈತಾರೆ ಅಂದ್ಕೊಂಡೆ. ಬೈಲಿಲ್ಲ. ನಿಂತೇ ಇದ್ರು. ಆಮೇಲೆ, ನಿಮಗೆ ಜಡೆ ಹಾಕೋಕೆ ಬರುತ್ತಾ ಅಂತ ಕೇಳಿದ್ರು."

ಗೂಡಿನಿಂದ ನೇತಾಡುತ್ತಿದ್ದ ಮೂರು ಚಾರ್ಜರ್ ವೈರುಗಳನ್ನು ಎಳೆದು ಬೀಗದಕ್ಕ ಹೇಳಿಕೊಟ್ಟರು. ಬಲದ್ದು ನಡುವಿಗೆ, ಎಡದ್ದು ನಡುವಿಗೆ. ಆತ ನಾಲ್ಕು ಸಲ ತಪ್ಪಿದರು, ಐದನೆಯ ಸಲ ಬಂತು. ಕೈ ಮುಗಿದು ಹೋದರು.

"ನಾನು ಹೇಳ್ಕೊಟ್ಟಿದ್ದು ನನ್ನ ಜಡೆ. ಅವಳು ತೋರ್ಸಿದ್ದು ಬೇರೆ ಥರ ಇತ್ತೇನೋ. ಅದು ಈ ಲೋಕದಲ್ಲಿ ಎಲ್ಲೂ ಇಲ್ಲ."

ಮೇಲಿನವರು ವಿಚಾರಿಸಿ, ನಿಮ್ಮದೇನೂ ತಪ್ಪಿಲ್ಲ ಎಂದು ಬರೆದುಕೊಟ್ಟರು. ಆ ಕಾಗದವನ್ನು ಅವರು ಮನೆಗೆ ಒಯ್ಯಲಿಲ್ಲ. ಮರುದಿನದಿಂದ ಪ್ರತಿ ಚೀಟಿಗೂ ವಾರ್ಡಿಗೆ ಕರೆ ಶುರುವಾಯಿತು. ಕಪಾಟು ಬಂತು. ಮೂರು ವರ್ಷದಲ್ಲಿ ಅಲ್ಲಿ ಕಾದದ್ದು ನಾನೂರ ಹನ್ನೊಂದು ಟ್ಯಾಬ್. ಹುಡುಕಿಕೊಂಡು ಬಂದದ್ದು ಮೂವತ್ತೆಂಟು ಮನೆಯವರು. ಅವರಲ್ಲಿ ಏನಾದರೂ ಸಿಕ್ಕಿದ್ದು ಹದಿನಾಲ್ಕು ಮಂದಿಗೆ. ಉಳಿದವರು ಖಾಲಿ ಪರದೆ ನೋಡಿ ಹೋದರು. ಯಾರೂ ಬರದಿದ್ದರೆ ನಾಲ್ಕನೆಯ ಬೆಳಗ್ಗೆ ಅಳಿಸುತ್ತಾರೆ.

ಸೋಮವಾರದಿಂದ ಹೊಸ ವ್ಯವಸ್ಥೆ. ಹಾಸಿಗೆ ಖಾಲಿ ಎಂದು ಕಂಪ್ಯೂಟರಿಗೆ ತಿಳಿದ ಕೂಡಲೇ ಟ್ಯಾಬ್ ತಾನಾಗಿ ಅಳಿಸಿಕೊಳ್ಳುತ್ತದೆ. ನೆಟ್ ಕಡಿದರೂ ನಿಲ್ಲುವುದಿಲ್ಲ. ಎಲ್ಲೋ ಬೇರೆ ಕಡೆ ಟ್ಯಾಬ್ ಕಳುವಾಗಿ ರೋಗಿಗಳ ವಿವರ ಹೊರಬಿದ್ದಿತ್ತಂತೆ. ಬೀಗದಕ್ಕ ಅರ್ಜಿ ಬರೆದಿದ್ದಾರೆ: ತೀರಿಕೊಂಡವರ ಟ್ಯಾಬ್‌ಗಳಿಗಾದರೂ ಮೂರು ದಿನ ತಡೆ ಕೊಡಿ. ಹತ್ತೂವರೆಗೆ ಕಂಪ್ಯೂಟರ್ ವಿಭಾಗದ ಮುಖ್ಯಸ್ಥರು ಉತ್ತರ ಹಿಡಿದು ತಾವೇ ಕೆಳಗೆ ಬರುತ್ತಾರೆ. ವಯಸ್ಸಿನಲ್ಲಿ ಇವರಿಗಿಂತ ಚಿಕ್ಕವರು, ಒಳ್ಳೆಯ ಮನುಷ್ಯ.

"ಅಕ್ಕ, ನಾನು ತುಂಬಾ ಹೇಳಿ ನೋಡಿದೆ. ಆರು ಗಂಟೆ ಕೊಟ್ಟಿದ್ದಾರೆ."

"ಆರು ಗಂಟೆನಾ ಸರ್?"

"ಸೊನ್ನೆ ಅಂತಿದ್ರು. ಆರಕ್ಕೆ ತಂದಿದ್ದೀನಿ."

"ನೀವು ಹೇಳಿದ್ದಕ್ಕೆ ಅಷ್ಟಾದ್ರೂ ಆಯ್ತು. ಕೂತ್ಕೊಳ್ಳಿ."

"ಬೇಜಾರಾಯ್ತಾ ಅಕ್ಕ?"

"ಇಲ್ಲ ಸರ್," ಎನ್ನುತ್ತಾರೆ. ಕೈಯಲ್ಲಿದ್ದ ಟ್ಯಾಬನ್ನು ಮತ್ತೆ ಒರೆಸುತ್ತಾರೆ. ಅದು ಆಗಲೇ ಸ್ವಚ್ಛವಾಗಿತ್ತು.

ಮಧ್ಯಾಹ್ನದ ತನಕ ಹತ್ತು ಟ್ಯಾಬ್ ಮೇಲೆ ಹೋಗುತ್ತವೆ. ಹನ್ನೆರಡಾದಾಗ ಅವರು ಗಡಿಯಾರ ನೋಡುತ್ತಾರೆ. ಆರಕ್ಕೆ ಬಂದ ಟ್ಯಾಬ್, ಆರು ಗಂಟೆಯ ಲೆಕ್ಕ. ಕಪಾಟಿನಲ್ಲಿರುವ ಇಪ್ಪತ್ತಮೂರರ ಟ್ಯಾಬಿನತ್ತ ಒಮ್ಮೆ ಕಣ್ಣು ಹಾಯಿಸುತ್ತಾರೆ.

ನಾಲ್ಕೂಕಾಲಿಗೆ ಇಪ್ಪತ್ತಮೂರನೆಯ ಹಾಸಿಗೆಯವರ ಅಕ್ಕ ಬರುತ್ತಾರೆ. ಮೂರು ಬಸ್ಸು ಬದಲಾಯಿಸಿ ಬಂದವರು. ತಮ್ಮನನ್ನು ನೋಡಿದ್ದಾಗಿದೆ, ಸಹಿಗಳೆಲ್ಲ ಮುಗಿದಿವೆ. ಕೈಯಲ್ಲಿ ಅವನ ಚಪ್ಪಲಿ ಇರುವ ಪ್ಲಾಸ್ಟಿಕ್ ಚೀಲ.

"ಕೆಳಗೆ ಹೋಗಿ ಅಂದ್ರು ಸಿಸ್ಟರ್," ಎನ್ನುತ್ತಾರೆ.

ಬೀಗದಕ್ಕ ತಮ್ಮ ಕುರ್ಚಿ ಬಿಟ್ಟುಕೊಡುತ್ತಾರೆ. ನೀರು ಕೊಡುತ್ತಾರೆ. ಕಪಾಟಿನಿಂದ ಟ್ಯಾಬ್ ಇಳಿಸಿ ಪಿನ್ ಒತ್ತುತ್ತಾರೆ. ಸಂದೇಶಗಳ ಪಟ್ಟಿಯಲ್ಲಿ ಒಂದೇ ಸಾಲು: ನಿನ್ನೆ ಸಂಜೆ, ಎರಡು ನಿಮಿಷ ಹನ್ನೊಂದು ಸೆಕೆಂಡ್.

"ಒಂದಿದೆ ಅಮ್ಮ. ಇಲ್ಲಿ ಒತ್ತಿ. ನಾನು ಹೊರಗಿರ್ತೀನಿ."

"ನಿನ್ನೆ ಸಂಜೆ ಫೋನ್ ಬಂದಿತ್ತು. ಕೈಯೆಲ್ಲ ಸೋಪಾಗಿತ್ತು. ಆಮೇಲೆ ಮಾಡಿದ್ರಾಯ್ತು ಅಂದ್ಕೊಂಡೆ," ಎನ್ನುತ್ತಾರೆ ಆಕೆ, ಯಾರಿಗೆಂದಿಲ್ಲದೆ.

ಬೀಗದಕ್ಕ ಬಾಗಿಲೆಳೆದುಕೊಂಡು ಹೊರಗೆ ನಿಲ್ಲುತ್ತಾರೆ. ಪಕ್ಕದ ಕೋಣೆಯಲ್ಲಿ ಬಟ್ಟೆಯ ಯಂತ್ರಗಳು ತಿರುಗುತ್ತಿವೆ. ಇಲ್ಲಿಂದ ಏನೂ ಕೇಳಿಸುವುದಿಲ್ಲ. ಎರಡು ನಿಮಿಷ ಕಳೆಯುತ್ತದೆ, ಇಪ್ಪತ್ತು ನಿಮಿಷವೂ ಕಳೆಯುತ್ತದೆ. ಅವರು ಬಾಗಿಲು ತಟ್ಟುವುದಿಲ್ಲ.

ಆಕೆಯೇ ತೆರೆಯುತ್ತಾರೆ. "ನೀವು ಕೇಳಿದ್ರಾ ಇದನ್ನ?"

"ಇಲ್ಲಮ್ಮ."

"ಪಿನ್ನು ನಿಮ್ಮ ಹತ್ರನೇ ಇರುತ್ತಲ್ಲ."

"ಎಲ್ಲದರದ್ದೂ ಇದೆ. ಬೀಗ ಹಾಕೋರು ಒಳಗೆ ಇಣುಕಬಾರ್ದು. ಇವತ್ತಿನ ತನಕ ಒಂದನ್ನೂ ಕೇಳಿಲ್ಲ."

ಆಕೆ ತಲೆಯಾಡಿಸುತ್ತಾರೆ. ಬೀಗದಕ್ಕ ಅವರ ಫೋನ್ ಇಸಿದುಕೊಂಡು, ವೈರು ಸಿಕ್ಕಿಸಿ, ಆ ಒಂದು ಸಾಲನ್ನು ಅದಕ್ಕೆ ದಾಟಿಸುತ್ತಾರೆ. ಎಲ್ಲಿ ಒತ್ತಿದರೆ ಕೇಳುತ್ತದೆ ಎಂದು ಎರಡು ಸಲ ತೋರಿಸುತ್ತಾರೆ. ಕೈತಪ್ಪಿ ಅಳಿಸಿಹೋಗದಂತೆ ಇನ್ನೊಂದು ಕಡೆಯೂ ಇಟ್ಟುಕೊಡುತ್ತಾರೆ. ಆಕೆ ಫೋನನ್ನು ಚಪ್ಪಲಿಯ ಚೀಲದಲ್ಲಿ ಇಡಲು ಹೋಗಿ, ಬೇಡವೆನಿಸಿ, ಸೆರಗಿನಲ್ಲಿ ಸುತ್ತಿಕೊಳ್ಳುತ್ತಾರೆ.

"ಬರ್ತೀನಮ್ಮ," ಎನ್ನುತ್ತಾರೆ.

"ನಿಧಾನ. ಮೆಟ್ಟಿಲು ಎತ್ತರ ಇದೆ."

ಟ್ಯಾಬ್ ಅಳಿಯಲು ನಾಲ್ಕು ನಿಮಿಷ ಬೇಕು. ಬೀಗದಕ್ಕ ಅದರ ಮುಂದೆ ಕುಳಿತೇ ಇರುತ್ತಾರೆ. ಪರದೆ ಕಪ್ಪಾಗಿ, ಬೆಳ್ಳಗಾಗಿ, ಯಾವ ಭಾಷೆ ಬೇಕು ಎಂದು ಕೇಳುತ್ತದೆ. ಬೀಗ ಬೀಳುತ್ತದೆ. ಮೂಲೆ ಒತ್ತಿ, ಮೇಲಿನಿಂದ ಎಳೆದು, ಗುಂಡಿ ಅದುಮಿ ನೋಡುತ್ತಾರೆ. ಗಟ್ಟಿಯಾಗಿದೆ. ಇಪ್ಪತ್ತಮೂರಕ್ಕೆ ಹೊಸಬರು ಬಂದಿದ್ದಾರೆ ಎಂದು ಮೇಲಿನಿಂದ ಆಗಲೇ ಎರಡು ಸಲ ಫೋನ್ ಬಂದಿದೆ.

ಅದನ್ನು ಕಳಿಸಿದ ಮೇಲೆ ಅವರು ಒಂದು ಬಿಳಿ ಹಾಳೆ ತೆಗೆದುಕೊಂಡು ಬರೆಯಲು ಕೂರುತ್ತಾರೆ. ಟೈಪಿಸ್ಟ್ ಆಗಿದ್ದವರು, ಅರ್ಜಿ ಮಾತ್ರ ಕೈಬರಹದಲ್ಲೇ ಬರೆಯುತ್ತಾರೆ.

"ಮೂರು ದಿನ ಕೇಳಿದ್ದು ಜಾಸ್ತಿ ಆಯ್ತೇನೋ. ಈ ಸಲ ಒಂದೇ ದಿನ ಕೇಳ್ತೀನಿ," ಎನ್ನುತ್ತಾರೆ ತಲೆಯೆತ್ತದೆ. "ದೂರದೋರು ಬಸ್ಸಿಳಿದು, ಈ ಮೆಟ್ಟಿಲು ಇಳಿಯೋಷ್ಟು ಹೊತ್ತು ಸಾಕು."