ಸೂಜಿಯಕ್ಕ ಕಲಿಸದೆ ಬಿಟ್ಟ ಅಕ್ಷರ

ಚರ್ಚಿನಲ್ಲಿ ಆಶ್ರಯ ಪಡೆದಿದ್ದವರಿಗೆಲ್ಲ ಆ ಸುದ್ದಿ ತಿಳಿದಿತ್ತು: ಹೊಳೆ ಬೀದಿಗೆ ನುಗ್ಗಿದಾಗ ಸೂಜಿಯಕ್ಕ ಮೊದಲು ಹೊತ್ತು ತಂದದ್ದು ಹೊಲಿಗೆ ಮಿಷನ್ನನ್ನು, ಆಮೇಲೆ ಅತ್ತೆಯನ್ನು. ತಿಳಿಯದೆ ಇರಲು ಸಾಧ್ಯವೂ ಇರಲಿಲ್ಲ. ಅತ್ತೆಗೆ ಲಕ್ವ ಹೊಡೆದು ಬಲಗೈ ಬಲಗಾಲು ಬಿದ್ದುಹೋಗಿದ್ದವು, ನಾಲಿಗೆಗೆ ಮಾತ್ರ ಏನೂ ಆಗಿರಲಿಲ್ಲ.

“ನೋಡ್ರಮ್ಮ, ನಾನು ಮಂಚದ ಮೇಲೆ ಕೂಗ್ತಾ ಇದ್ದೀನಿ, ಇವಳು ಮಿಷನ್ ತಲೆ ಮೇಲಿಟ್ಕೊಂಡು ಹೊರಟೇಬಿಟ್ಟಳು,” ಎಂದು ಗಂಜಿ ಕೊಡಲು ಬಂದವರಿಗೂ ಕಂಬಳಿ ಕೊಡಲು ಬಂದವರಿಗೂ ಅವರು ಒಪ್ಪಿಸುತ್ತಿದ್ದರು.

“ಮಿಷನ್ ನೆಲದ ಮೇಲಿತ್ತು, ನೀವು ಮಂಚದ ಮೇಲಿದ್ರಿ. ನೀರು ಮೊದಲು ಯಾರನ್ನ ಮುಟ್ಟುತ್ತೆ?” ಎನ್ನುತ್ತಿದ್ದಳು ಸೂಜಿಯಕ್ಕ.

ಲೆಕ್ಕ ಸರಿಯಾಗಿಯೇ ಇತ್ತು. ಆದರೆ ಅವಳು ಹಿಂದಿರುಗಿ ಬರುವಷ್ಟರಲ್ಲಿ ನೀರು ಮಂಚದ ಹಲಗೆಗೆ ಬಡಿಯುತ್ತಿತ್ತು, ಮುದುಕಿ ದೇವರನ್ನು ಬಿಟ್ಟು ಸೊಸೆಯನ್ನು ಕರೆಯುತ್ತಿದ್ದರು. ಆ ಕೂಗು ಸೂಜಿಯಕ್ಕನ ಕಿವಿಯಿಂದ ಇನ್ನೂ ಹೋಗಿರಲಿಲ್ಲ. ಅತ್ತೆ ಸುಳ್ಳು ಹೇಳಿದ್ದರೆ ಜಗಳವಾಡಬಹುದಿತ್ತು. ನಿಜ ಹೇಳುತ್ತಿದ್ದಾರಲ್ಲ, ಅದಕ್ಕೇ ಅವಳಿಗೆ ಉರಿ.

ಅವಳಿಗೆ ಆ ಹೆಸರು ಬಿದ್ದದ್ದು ಕಸುಬಿನಿಂದ ಎಂದು ಕೆಲವರು, ಬಾಯಿಯಿಂದ ಎಂದು ಇನ್ನು ಕೆಲವರು. “ಸ್ವಲ್ಪ ಸಡಿಲ ಬಿಡಮ್ಮ” ಎಂದ ಗಿರಾಕಿಗೆ “ಬಟ್ಟೆ ನಾನು ಸಡಿಲ ಬಿಡ್ತೀನಿ, ಬಾಯಿ ನೀವು ಬಿಗಿ ಹಿಡೀರಿ” ಎನ್ನುವವಳು. ಗಿರಾಕಿ ಮುಖ ಊದಿಸಿಕೊಂಡು ಹೋದರೂ ಅಂಗಿ ಮೈಗೆ ಹೊಂದಿದ್ದು ನೋಡಿ ಮತ್ತೆ ಬರುತ್ತಿದ್ದಳು. ಗಂಡ ಲಾರಿ ಓಡಿಸುವವನು, ಮನೆಯಲ್ಲಿ ಇದ್ದದ್ದಕ್ಕಿಂತ ರಸ್ತೆಯಲ್ಲಿ ಇದ್ದದ್ದೇ ಹೆಚ್ಚು. ಈಗಂತೂ ಹೊಳೆಯ ಆಚೆ ದಡದಲ್ಲಿ ಸಿಕ್ಕಿಬಿದ್ದಿದ್ದ. ಮನೆಯ ಅನ್ನ, ಅತ್ತೆಯ ಔಷಧಿ, ಎಲ್ಲವೂ ಆ ಕೈಮಿಷನ್ನಿನ ಹಿಡಿ ತಿರುಗಿದರೆ ಉಂಟು, ಇಲ್ಲದಿದ್ದರೆ ಇಲ್ಲ.

ಕೆಲಸಕ್ಕೆ ಕೂತರೆ ತುಟಿಗಳ ನಡುವೆ ಒಂದಷ್ಟು ಗುಂಡುಸೂಜಿ ಕಚ್ಚಿಕೊಂಡೇ ಇರಬೇಕು. ಮಾತೆಲ್ಲ ಬಾಯಿಯ ಒಂದು ಮೂಲೆಯಿಂದ ಹೊರಡಬೇಕು. ಕಾನ್ವೆಂಟಿಗೆ ದೂರದೇಶದಿಂದ ಬಂದ ಸಿಸ್ಟರ್ ನಮ್ಮ ಭಾಷೆ ಕಲಿತದ್ದು ಈ ಮೂಲೆಯಿಂದಲೇ. ಹಾಸ್ಟೆಲ್ ಹುಡುಗಿಯರ ಸಮವಸ್ತ್ರ ಹೊಲಿಯಲು ಸೂಜಿಯಕ್ಕ ವರ್ಷವಿಡೀ ಕಾನ್ವೆಂಟಿನ ಜಗಲಿಯಲ್ಲಿ ಕೂರುತ್ತಿದ್ದಳು. ಸಿಸ್ಟರ್ ಎದುರಿಗೆ ಸ್ಟೂಲು ಹಾಕಿಕೊಂಡು, ಗುಂಡಿ ಹಚ್ಚಲು ನೆರವಾಗುತ್ತಾ ಒಂದೊಂದೇ ಮಾತು ಕಲಿತರು. ಎಲ್ಲ ಬಂತು, ‘ಳ’ ಮಾತ್ರ ಬರಲಿಲ್ಲ. “ನಾಳೆ ಬರ್ತೀನಿ” ಎನ್ನಲು ಹೋಗಿ “ನಾಲೆ ಬರ್ತೀನಿ” ಎನ್ನುವರು. ಮರ ಹತ್ತಿದ ಹುಡುಗಿಗೆ “ಇಲಿ, ಇಲಿ” ಎಂದು ಕೂಗಿದರೆ ಕೆಳಗಿದ್ದ ಹುಡುಗಿಯರು ಲಂಗ ಎತ್ತಿ ಹಿಡಿದು ಓಡುವರು. ಇನ್ನು ‘ಹೇಳಿ’ ಎಂಬ ಮಾತನ್ನು ಅವರು ಹೇಳುತ್ತಿದ್ದ ರೀತಿಯನ್ನು ಇಲ್ಲಿ ಬರೆಯುವ ಹಾಗಿಲ್ಲ.

“ನಾಲಿಗೆ ಮಡಚಿ, ಅಂಗುಳಕ್ಕೆ ತಾಗಿಸಿ ಸಿಸ್ಟರ್. ಳ. ಳ.”

“ಲ. ಲ.”

“ಸೂಜಿ ಕಚ್ಕೊಂಡಿರೋ ಬಾಯಿಂದ ಪಾಠ ಹೇಳಿಸ್ಕೊಂಡ್ರೆ ಇನ್ನೇನಾಗುತ್ತೆ?” ಎಂದು ಬೀದಿಯವರು ತಪ್ಪನ್ನೆಲ್ಲ ಸೂಜಿಯಕ್ಕನ ತಲೆಗೆ ಕಟ್ಟಿದರು. ಕೊನೆಗೊಂದು ದಿನ ಸಿಸ್ಟರ್ ಕಣ್ಣಲ್ಲಿ ನೀರು ಬಂದದ್ದನ್ನು ಅವಳು ನೋಡಿದಳು. “ಬಿಡಿ ಸಿಸ್ಟರ್. ಒಂದು ಅಕ್ಷರ ಇಲ್ದಿದ್ರೆ ದೇವರ ಕೆಲಸ ನಿಲ್ಲುತ್ತಾ?” ಎಂದುಬಿಟ್ಟಳು. ಸಿಸ್ಟರ್ ಬಿಟ್ಟರು.

ಅದಾಗಿ ಎಷ್ಟೋ ವರ್ಷಗಳ ಮೇಲೆ ಈ ಗಾಳಿಮಳೆ.

ಮಳೆ ಹಿಡಿದ ಎರಡನೆಯ ದಿನ ಕೆಳಬೀದಿಗಳೆಲ್ಲ ನೀರಾದವು. ಫಾದರ್ ಚರ್ಚಿನ ಬಾಗಿಲು ತೆರೆಸಿದರು, ಬಂದವರು ಯಾವ ದೇವರಿಗೆ ಕೈಮುಗಿಯುವವರು ಎಂದು ಕೇಳಲಿಲ್ಲ. ಬೆಂಚುಗಳು ಮಂಚಗಳಾದವು, ಹಾಸ್ಟೆಲ್ ಹುಡುಗಿಯರೆಲ್ಲ ರಜೆಗೆ ಊರಿಗೆ ಹೋಗಿದ್ದರೂ ಕಾನ್ವೆಂಟಿನ ಒಲೆ ಆರದೆ ಉರಿಯಿತು. ಎದುರು ಬೀದಿಯ ತಗಡಿನ ಚರ್ಚಿನ ಪಾಸ್ಟರ್ ಹಗ್ಗ, ದೋಣಿ ತಂದು ಜನರನ್ನು ಎಳೆದು ಹಾಕತೊಡಗಿದರು. ಅವರದು ಬಡಗಿ ಕಸುಬು, ಭಾನುವಾರಕ್ಕೆ ಮಾತ್ರ ಪಾಸ್ಟರ್. ಫಾದರ್‌ಗೂ ಅವರಿಗೂ ಮೊದಲಿನಿಂದ ಎಣ್ಣೆ ಸೀಗೆಕಾಯಿ. ಒಬ್ಬರ ಹೊಸ್ತಿಲನ್ನು ಒಬ್ಬರು ತುಳಿದವರಲ್ಲ. ಸೂಜಿಯಕ್ಕನ ಅತ್ತೆಯನ್ನು ಕುರ್ಚಿಗೆ ಕಟ್ಟಿ, ಎದೆಮಟ್ಟದ ನೀರಿನಲ್ಲಿ ಅವಳ ಜೊತೆ ಹೊತ್ತು ತಂದವರೂ ಅವರೇ. ಒದ್ದೆ ಮೈಯಲ್ಲಿ ಫಾದರ್ ಎದುರು ನಿಂತು ಪಾಸ್ಟರ್ ಕೇಳಿದರು, “ಒಳಗೆ ಬರಬಹುದಾ?”

“ಮೊದಲು ಮೈ ಒರೆಸ್ಕೊಳ್ಳಿ, ಆಮೇಲೆ ವಾದ ಮಾಡೋಣ,” ಎಂದು ಫಾದರ್ ತಮ್ಮ ಟವೆಲ್ ಕೊಟ್ಟರು.

ಚರ್ಚಿನ ಎಡಗೋಡೆಗೆ ಕಿಟಕಿಯೇ ಇರಲಿಲ್ಲ. ಅದರ ಆಚೆ ಮಗ್ಗುಲಿಗೆ ಕಲ್ಲಿನ ಗಂಟೆ ಗೋಪುರ. ಎರಚಲು ಬಾರದ ಬೆಚ್ಚಗಿನ ಜಾಗ ಅದೊಂದೇ ಎಂದು ಮುದುಕರನ್ನೂ ಕಾಯಿಲೆಯವರನ್ನೂ ಆ ಗೋಡೆಯ ಉದ್ದಕ್ಕೂ ಮಲಗಿಸಿದರು. ಅತ್ತೆಗೆ ಎರಡು ಬೆಂಚು ಜೋಡಿಸಿ ಹಾಸಿಗೆಯಾಯಿತು. ಪಕ್ಕದಲ್ಲೇ ಮಿಷನ್ನು ಇಟ್ಟುಕೊಂಡು ಸೂಜಿಯಕ್ಕ ಚರ್ಚಿನ ಪರದೆಗಳನ್ನು ಜೋಡಿಸಿ ಹೊದಿಕೆ ಹೊಲಿಯಲು ಕೂತಳು. ಹೊಟ್ಟೆಪಾಡಿಗೆ ಹೊತ್ತು ತಂದ ಮಿಷನ್ನು ಊರಿಗೇ ಹೊದಿಸುತ್ತಿದೆ ಎಂದು ಅವಳಿಗೆ ಒಳಗೊಳಗೇ ಸಮಾಧಾನ. ಅತ್ತೆ ಅದಕ್ಕೂ ಕಲ್ಲು ಹಾಕಿದರು.

“ಹೊಲಿ, ಹೊಲಿ. ನನಗೆ ಹೊದಿಸೋಕೆ ಮಾತ್ರ ಕೊನೆಗೆ ಬಾ.”

ಚರ್ಚಿಗೆ ಬಂದ ಮೂರನೆಯ ದಿನ ಮಧ್ಯಾಹ್ನದ ಹೊತ್ತಿಗೆ ಗಾಳಿಯ ಸದ್ದು ಬದಲಾಯಿತು. ಅಷ್ಟು ಹೊತ್ತು ಸಿಳ್ಳೆ ಹಾಕುತ್ತಿದ್ದದ್ದು ಈಗ ಗುದ್ದತೊಡಗಿತು. ಪ್ರತಿ ಗುದ್ದಿಗೂ ಗೋಪುರದ ಗಂಟೆ ತಾನಾಗಿ ಒಂದು ಪೆಟ್ಟು ಹೊಡೆದುಕೊಳ್ಳುತ್ತಿತ್ತು. ಮಕ್ಕಳು ಅಳಲು ಶುರುಮಾಡಿದವು. ಫಾದರ್ ಪೀಠದ ಮುಂದೆ ನಿಂತು ಎಲ್ಲರನ್ನೂ ಹತ್ತಿರ ಕರೆದರು.

“ಹೆದರಬೇಡಿ. ಸ್ವಾಮಿ ಶಿಲುಬೆ ಮೇಲೆ ‘ಏಲಿ, ಏಲಿ’ ಅಂತ ಕೂಗಿದ್ರಲ್ಲ, ನನ್ನ ದೇವರೇ ಅಂತ? ಆ ಕೂಗು ಕೇಳಿಸ್ಕೊಂಡ ದೇವರು ನಮ್ಮದನ್ನ ಕೇಳಿಸ್ಕೊಳ್ಳಲ್ವಾ? ನಾವೂ ಹಾಗೇ ಕರೆಯೋಣ.”

ಜನ ಕಣ್ಣು ಮುಚ್ಚಿದರು. ಪ್ರಾರ್ಥನೆ ಬಾರದವರೂ ಕೈಮುಗಿದರು.

ಅದೇ ಹೊತ್ತಿಗೆ ಸಿಸ್ಟರ್, ಹಾಡುಗಾರರು ನಿಲ್ಲುವ ಹಿಂದಿನ ಅಟ್ಟಕ್ಕೆ ಹತ್ತಿದ್ದರು. ಅಲ್ಲಿಯ ಕಿಂಡಿಯಿಂದ ನೀರು ಬರುತ್ತಿತ್ತು, ಬಟ್ಟೆ ತುರುಕಲು ಹೋದವರು. ಕಿಂಡಿ ಗೋಪುರದ ಕಡೆಗೆ ತೆರೆಯುತ್ತಿತ್ತು. ಬಗ್ಗಿ ನೋಡಿದರೆ ಗೋಪುರದ ಬುಡದ ಕಲ್ಲುಗಳು ಹೊರಗೆ ಉಬ್ಬಿವೆ. ಗೋಪುರ ಎಡಗೋಡೆಯ ಮೇಲೆ ಒರಗುತ್ತಿದೆ. ಗಾಳಿ ಗುದ್ದಿದಾಗಲೆಲ್ಲ ಇನ್ನಷ್ಟು ಒರಗುತ್ತಿದೆ.

ಹೆದರಿದಾಗ ಮನುಷ್ಯನನ್ನು ಮೊದಲು ಬಿಟ್ಟು ಓಡುವುದು ಆಮೇಲೆ ಕಲಿತ ಭಾಷೆ. ಗೋಡೆ, ಗೋಪುರ, ಹೊರಗೆ, ಬೇಗ: ಸೂಜಿಯಕ್ಕ ಕಲಿಸಿದ ಒಂದು ಮಾತೂ ಸಿಸ್ಟರ್ ಬಾಯಿಗೆ ಬರಲಿಲ್ಲ. ಉಳಿದದ್ದು ದಿನಾ ಬೆಳಗ್ಗೆ ಹಾಸ್ಟೆಲ್ ಹುಡುಗಿಯರನ್ನು ಎಬ್ಬಿಸುವ ಮಾತೊಂದೇ. ಅಟ್ಟದ ಅಂಚಿಗೆ ಓಡಿಬಂದು ಎರಡೂ ಕೈ ಮೇಲೆತ್ತಿ ಕೂಗಿದರು.

“ಏಲಿ! ಏಲಿ!”

ಫಾದರ್ ತಲೆಯೆತ್ತಿ ನೋಡಿದರು. ಆಕಾಶಕ್ಕೆ ಕೈಯೆತ್ತಿ, ಕಣ್ಣೀರು ಸುರಿಸುತ್ತಾ ದೇವರನ್ನು ಕರೆಯುತ್ತಿರುವ ಸಿಸ್ಟರ್! “ಏಲಿ, ಏಲಿ” ಎಂದು ತಾವೂ ಕೂಗಿ ಮಂಡಿಯೂರಿದರು. ಅವರ ಹಿಂದೆ ಇಡೀ ಚರ್ಚು ಮಂಡಿಯೂರಿತು. ಏಳಿ ಎಂದರೆ ಜನ ಕೂತರು.

ಸಿಸ್ಟರ್ ಇನ್ನೂ ಜೋರಾಗಿ ಕೂಗಿದರು. ಜನವೂ ಇನ್ನೂ ಜೋರಾಗಿ ಕೂಗಿತು.

ಸೂಜಿಯಕ್ಕನ ಬಾಯಲ್ಲಿ ಸೂಜಿಗಳಿದ್ದವು, ಆದ್ದರಿಂದ ಅವಳು ಕೂಗಲಿಲ್ಲ. ತಲೆ ತಗ್ಗಿಸಿ ಮಿಷನ್ನಿನ ಹಿಡಿ ತಿರುಗಿಸುತ್ತಾ ಕೇಳಿಸಿಕೊಂಡಳು, ಅಷ್ಟೆ. ಮೊದಲು ಅವಳಿಗೂ ಅದು ಪ್ರಾರ್ಥನೆಯೇ. ಆಮೇಲೆ ಕೈ ತಡೆಯಿತು. ಈ ರಾಗ ತಾನು ಎಲ್ಲೋ ಕೇಳಿದ್ದೇನೆ. ದೇವರನ್ನು ಕರೆಯುವ ರಾಗ ಅಲ್ಲ, ಸೋಮಾರಿಗಳನ್ನು ಕರೆಯುವ ರಾಗ. ಕಾನ್ವೆಂಟಿನ ಜಗಲಿ, ಬೆಳಗ್ಗೆ, ಒಳಗಿನ ಕೋಣೆಯಲ್ಲಿ ಹುಡುಗಿಯರ ಆಕಳಿಕೆ...

ತಲೆಯೆತ್ತಿದರೆ ಸಿಸ್ಟರ್ ನೇರವಾಗಿ ಅವಳನ್ನೇ ನೋಡುತ್ತಿದ್ದರು. ಜನರೆಲ್ಲರ ನಡುವೆ ತಮ್ಮ ಮಾತು ತಿಳಿಯುವವಳು ಅವಳೊಬ್ಬಳೇ ಎಂದು ಅವರಿಗೂ ಗೊತ್ತಿತ್ತು. ಸಿಸ್ಟರ್ ಎಡಗೋಡೆಯ ಕಡೆ ಬೆರಳು ಮಾಡಿದರು. ಅತ್ತೆಯ ತಲೆಯ ಮೇಲೆ, ಸುಣ್ಣದ ಗೋಡೆಯಲ್ಲಿ, ಕೂದಲೆಳೆಯಷ್ಟು ಬಿರುಕೊಂದು ಮೇಲಿನಿಂದ ಇಳಿದು ಬರುತ್ತಿತ್ತು.

ಕೂಗಲು ಬಾಯಿ ತೆರೆದರೆ ಸೂಜಿ ಗಂಟಲಿಗೆ. ಅಂಗೈ ಬಾಯಿಗೊಡ್ಡಿ ಥೂ ಎಂದು ಉಗಿದಳು. ಒಂದು ತುಟಿಗೆ ನೆಟ್ಟುಕೊಂಡದ್ದನ್ನು ಕಿತ್ತೆಸೆದಳು. ಬಾಯಲ್ಲಿ ರಕ್ತದ ರುಚಿ.

“ಅದು ಪ್ರಾರ್ಥನೆ ಅಲ್ಲಾ! ಏಳಿ ಅಂತಿದ್ದಾರೆ, ಏಳಿ! ಗೋಡೆ ಬೀಳ್ತಿದೆ! ಏಳ್ರೋ!”

ಆ ಬೀದಿಯಲ್ಲಿ ಸೂಜಿಯಕ್ಕನ ಬೈಗುಳ ತಿನ್ನದವರು ಯಾರೂ ಇರಲಿಲ್ಲ. ಅವಳು ಬೈದರೆ ಎದ್ದು ಹೋಗುವುದು ಎಲ್ಲರಿಗೂ ರೂಢಿ. ಎದ್ದರು. ಫಾದರ್ ಬಲಗಡೆಯ ಬಾಗಿಲನ್ನು ತಳ್ಳಿ ತೆರೆದು “ಶಾಲೆ ಜಗಲಿಗೆ! ಮಕ್ಕಳು ಮೊದಲು!” ಎಂದು ಅರಚಿದರು. ಗಟ್ಟಿ ಕಾಲಿನವರು ಎಡಗೋಡೆಗೆ ಓಡಿ, ಮಲಗಿದ್ದವರನ್ನು ಹಾಸಿಗೆ ಸಮೇತ ಎಳೆದರು.

ಸೂಜಿಯಕ್ಕ ಅತ್ತೆಯ ಕಂಕುಳಿಗೆ ಕೈಹಾಕಿದಳು. ಮುದುಕಿ ಒದ್ದೆ ಮೂಟೆಯಂತೆ ಭಾರ. ಒಬ್ಬಳಿಂದ ಆಗದು. ಪಾಸ್ಟರ್ ಓಡಿಬಂದರು. ಬಂದವರು ಏನು ಮಾಡಬೇಕು? ಎರಡು ದಿನದಿಂದ ಅದೇ ಕಥೆ ಕೇಳಿದ್ದರಲ್ಲ, ಪಾಪ, ಮಿಷನ್ನನ್ನು ಬಾಚಿ ಎತ್ತಿಕೊಂಡರು.

“ಅಕ್ಕಾ, ಮಿಷನ್ ನಾನು ತರ್ತೀನಿ, ನೀವು ನಡೀರಿ!”

ಅತ್ತೆ ಸೊಸೆಯ ಮುಖ ನೋಡಿದರು. ಅಷ್ಟು ಮಾತಿನ ಮುದುಕಿ, ಒಂದು ಮಾತೂ ಆಡಲಿಲ್ಲ. ಕೂಗಿದರೆ ಏನಾಗುತ್ತದೆ ಎಂದು ಒಮ್ಮೆ ನೋಡಿದ್ದಾಗಿತ್ತು. ಎಡಗೈ ಬೆರಳುಗಳು ಮಾತ್ರ ಸೊಸೆಯ ಸೆರಗನ್ನು ಹಿಡಿದಿದ್ದವು.

“ಮಿಷನ್ ಹಾಳಾಗಿ ಹೋಗ್ಲಿ!” ಸೂಜಿಯಕ್ಕ ಅತ್ತುಬಿಟ್ಟಳು. “ಕಾಲು ಹಿಡೀರಿ! ಅತ್ತೆ ಕಾಲು ಹಿಡೀರಿ!”

ಪಾಸ್ಟರ್ ಮಿಷನ್ನು ಕೆಳಗೆ ಹಾಕಿ ಕಾಲು ಹಿಡಿದರು. ಇಬ್ಬರೂ ಬೆಂಚುಗಳ ನಡುವೆ ಎಡವುತ್ತಾ, ಗುಂಡುಸೂಜಿಗಳನ್ನು ತುಳಿಯುತ್ತಾ ಓಡಿದರು. ಹಿಂದೆ ಗಂಟೆ ಒಂದೇ ಸಮನೆ ಹೊಡೆದುಕೊಳ್ಳತೊಡಗಿತು. ಸಿಸ್ಟರ್ ಅಟ್ಟದ ಮೆಟ್ಟಿಲಿಳಿದು ಬರುತ್ತಿದ್ದರು; ಫಾದರ್ ಹಿಂದಕ್ಕೆ ಓಡಿ ಅವರ ತೋಳು ಹಿಡಿದು ಎಳೆದರು. ಎಲ್ಲರೂ ಬಾಗಿಲು ದಾಟಿ ಮಳೆಗೆ ಬಿದ್ದ ಮೇಲೆ ಗಂಟೆ ನಿಂತಿತು. ಆಮೇಲೆ ನೆಲ ನಡುಗಿತು. ಎಡಗೋಡೆ ಇದ್ದಲ್ಲಿ ಆಕಾಶ ಕಂಡಿತು.

ಶಾಲೆಯ ಜಗಲಿಯಲ್ಲಿ ತಲೆ ಎಣಿಸಿದರು, ಮತ್ತೆ ಎಣಿಸಿದರು. ಒಬ್ಬರೂ ಕಡಿಮೆ ಇರಲಿಲ್ಲ. ಅಟ್ಟದ ಮೆಟ್ಟಿಲಲ್ಲಿ ಜಾರಿ ಸಿಸ್ಟರ್ ಕಾಲು ಮುರಿದಿತ್ತು. ಫಾದರ್ ಮತ್ತು ಪಾಸ್ಟರ್ ಒಂದೇ ಕಂಬಕ್ಕೆ ಒರಗಿ, ಒಂದೇ ಟವೆಲಿನಲ್ಲಿ ಮುಖ ಒರೆಸಿಕೊಂಡು, ಯಾವ ವಾದವನ್ನೂ ಮಾಡದೆ ಕೂತಿದ್ದರು.

ಅತ್ತೆ ಕೇಳಿದರು, “ಮಿಷನ್ನು?”

“ಹೋಯ್ತು,” ಎಂದಳು ಸೂಜಿಯಕ್ಕ.

ಅತ್ತೆ ಮುಖ ಆಚೆ ತಿರುಗಿಸಿಕೊಂಡರು. ಮರುದಿನ ಕಂಬಳಿ ಹಂಚಲು ಬಂದವರೊಡನೆ ಅವರು ಹೊಸ ದೂರು ಶುರುಮಾಡಿದ್ದನ್ನು ಸೂಜಿಯಕ್ಕ ಕಂಬದ ಮರೆಯಿಂದ ಕೇಳಿಸಿಕೊಂಡಳು.

“ನೋಡ್ರಮ್ಮ, ನನ್ನ ಸೊಸೆಗೆ ಬುದ್ಧಿ ಅನ್ನೋದೇ ಇಲ್ಲ. ಬಂಗಾರದಂಥ ಮಿಷನ್ ಬಿಟ್ಟು ಈ ಮುದಿ ಗೊಡ್ಡನ್ನ ಹೊತ್ಕೊಂಡು ಬಂದಳು. ನಾನು ಇನ್ನೆಷ್ಟು ದಿನ ಓಡ್ತೀನಿ? ಅದು ಇನ್ನೂ ಎಷ್ಟು ವರ್ಷ ಓಡ್ತಿತ್ತು!” ಎನ್ನುತ್ತಾ ಮುದುಕಿ ಗಳಗಳನೆ ಅತ್ತರು.

ನೀರಿಳಿದ ಮೇಲೆ ಕಾನ್ವೆಂಟಿನವರು ತಮ್ಮ ಹಳೆಯ ಮಿಷನ್ನನ್ನು ಸೂಜಿಯಕ್ಕನಿಗೆ ಕೊಟ್ಟರು. ಜಗಲಿಯಲ್ಲಿ ‘ಳ’ ಪಾಠ ಮತ್ತೆ ಶುರುವಾಯಿತು. ಈ ಸಲ ಅವಳು ಸೂಜಿಗಳನ್ನು ಬಾಯಿಂದ ತೆಗೆದು ಡಬ್ಬಿಗೆ ಹಾಕಿಯೇ ಹೇಳಿಕೊಟ್ಟಳು. ಆದರೂ ಸಿಸ್ಟರ್‌ಗೆ ಬರಲಿಲ್ಲ. ಬಾರದ್ದು ಬರಲಿಲ್ಲ, ಅಷ್ಟೆ. “ಬಿಡಿ” ಎಂದು ಮಾತ್ರ ಅವಳು ಮತ್ತೆಂದೂ ಹೇಳಲಿಲ್ಲ.

ಚರ್ಚಿಗೆ ತಗಡಿನ ಗೋಡೆ ಕಟ್ಟಿಕೊಟ್ಟವರು ಪಾಸ್ಟರ್. ಮೊದಲ ಭಾನುವಾರ ತಮ್ಮ ಸಭೆಯವರ ಜೊತೆ ಬಂದು ಅವರೂ ಬೆಂಚಿನ ಮೇಲೆ ಕೂತಿದ್ದರು. ಫಾದರ್ ಬೋಧನೆ ಮಾಡುತ್ತಾ ಆ ದಿನವನ್ನು ನೆನೆದು, ಶಿಲುಬೆಯ ಕೂಗಿನ ಬಳಿಗೆ ಬಂದರು.

“ಏಲಿ, ಏಲಿ...”

ಹಿಂದಿನ ಬೆಂಚಿನವರು ದಡಬಡನೆ ಎದ್ದು ನಿಂತರು. ಅವರನ್ನು ನೋಡಿ ಮುಂದಿನವರು. ಕೋಲೂರಿ ಸಿಸ್ಟರ್. ಪಾಸ್ಟರ್. ಮಕ್ಕಳು. ಫಾದರ್ ಮಾತು ಮರೆತು ಬಾಯಿ ತೆರೆದು ನೋಡುತ್ತಿದ್ದರು. ಯಾರೂ ನಗಲಿಲ್ಲ.

ಅತ್ತೆಯೊಬ್ಬರೇ ಕುರ್ಚಿಯಲ್ಲಿ ಉಳಿದಿದ್ದರು. ಅವರು ಎಡಗೈ ಚಾಚಿದರು.

“ಏನೇ ನೋಡ್ತಾ ನಿಂತಿದ್ದೀ? ನನ್ನ ಎತ್ತೇ.”

ಸೂಜಿಯಕ್ಕ ಎತ್ತಿದಳು.