ಮೇಲಿನ ಮನೆಯ ಗಿಟಾರು

ಹಳೆಯ ರೆಕಾರ್ಡಿನ ಮೇಲೆ ಮುಳ್ಳು ಇಳಿಯುವಾಗಿನ ಕರಕರ ಸದ್ದು ಎಲ್ಲಿ ಕೇಳಿದರೂ ನಾನು ಟೋಕಿಯೋದ ಫುನಾಬೊರಿಯಲ್ಲಿದ್ದ ನಮ್ಮ ಮೂರನೆಯ ಮಹಡಿಯ ಮನೆಗೆ ಹೋಗಿಬಿಡುತ್ತೇನೆ. ನಿಮಗೂ ಇಂಥದೊಂದು ಸದ್ದು ಇದ್ದೀತು. ಕೊರೊನಾ ಕಾಲ, ನನಗೆ ಹದಿಮೂರು ವರ್ಷ. ಅಪ್ಪನ ಶಿನಾಗಾವಾ ಆಫೀಸು ನಮ್ಮ ಊಟದ ಮೇಜಿಗೇ ಬಂದು ಕೂತಿತ್ತು. ಗೋಡೆಗಳು ತೆಳು ಎಂದು ಅಮ್ಮ ಮಿಕ್ಸಿಗೆ ಟವೆಲ್ ಸುತ್ತಿ ತಿರುಗಿಸುತ್ತಿದ್ದಳು. ಮೈಸೂರಿನಲ್ಲಿ ವರ್ಷಗಟ್ಟಲೆ ಸಂಗೀತ ಕಲಿತವಳು, ಅಕ್ಕಪಕ್ಕದವರಿಗೆ ತೊಂದರೆಯಾದೀತೆಂದು ಜಪಾನಿಗೆ ಬಂದ ಆರು ವರ್ಷಗಳಲ್ಲಿ ಒಮ್ಮೆಯೂ ಬಾಯಿಬಿಟ್ಟು ಹಾಡಿರಲಿಲ್ಲ. ಅವಳ ಹಾಡಿನ ದನಿಯನ್ನೇ ನಾನು ಮರೆತಿದ್ದೆ ಎನ್ನಲು ಈಗಲೂ ನಾಚಿಕೆ.

ಮಧ್ಯಾಹ್ನ ಮೂರಕ್ಕೆ ಮೇಲಿನ ಮನೆಯಲ್ಲಿ ಒಂದು ಹಳೆಯ ಬ್ಯಾಂಡಿನ ಹಾಡು ಶುರುವಾಗುತ್ತಿತ್ತು. ಅಲ್ಲಿ ಒಬ್ಬರೇ ಇದ್ದ ನಿವೃತ್ತ ಬಸ್ ಡ್ರೈವರ್ ಓಕಾದಾ ಸಾನ್ ತಮ್ಮ ಹರೆಯದ ರೆಕಾರ್ಡು ಹಾಕುತ್ತಿದ್ದರು: ಅರವತ್ತರ ದಶಕದ ಟೋಕಿಯೋ ಹುಡುಗರು. ಮೊದಲು ತೆಕೆತೆಕೆ ಎಂದು ಓಡುವ ಗಿಟಾರು, ಬಾವಿಯೊಳಗೆ ಕೂತು ನುಡಿಸಿದಂಥ ಮಾರ್ದನಿ, ಹಿಂದೆ ಆರ್ಗನ್, ಆಮೇಲೆ, ಇನ್ನೇನು ಅತ್ತೇಬಿಡುತ್ತಾನೆ ಅನ್ನಿಸುವ ಎಳೆಯ ಗಂಟಲು. ಅಷ್ಟು ಸಂಕಟದ ಹಾಡಿಗೂ ನನ್ನ ಕಾಲು ತಾನಾಗಿ ಕುಣಿಯುತ್ತಿತ್ತು. ಅಮ್ಮ ಚಪಾತಿ ಲಟ್ಟಿಸುವುದನ್ನು ನಿಲ್ಲಿಸಿ, "ಇದು ಮೋಹನ ರಾಗ ಕಣೇ. ಮೋಹನದಲ್ಲಿ ಹೀಗೆ ಅಳಬಹುದು ಅಂತ ನಂಗ್ಯಾರೂ ಹೇಳ್ಕೊಟ್ಟಿರ್ಲಿಲ್ಲ" ಎಂದಳು.

ಖುಷಿ ತಡೆಯದೆ ಅವಳು ಕೋಡುಬಳೆ ಕರಿದಳು. ನನ್ನಿಂದ ಜಪಾನಿ ಭಾಷೆಯಲ್ಲಿ ಚೀಟಿ ಬರೆಸಿ, ಪೊಟ್ಟಣವನ್ನು ಅವರ ಬಾಗಿಲ ಹಿಡಿಗೆ ತೂಗುಹಾಕಿಸಿದಳು: 'ನಿಮ್ಮ ಸಂಗೀತ ದಿನವೂ ನಮ್ಮ ಮನೆಗೆ ಚೆನ್ನಾಗಿ ಕೇಳಿಸುತ್ತದೆ.' ಮರುದಿನ ಸಂಗೀತವೇ ಇಲ್ಲ. ನಮ್ಮ ಬಾಗಿಲಲ್ಲಿ ಬಿಸ್ಕತ್ತಿನ ಡಬ್ಬಿ, ಮೂರು ಸಲ ಕ್ಷಮೆ ಕೇಳಿದ ಕಾಗದ. ಅಲ್ಲಿ ದೂರನ್ನೂ ಹೀಗೇ ನಯವಾಗಿ ಹೇಳುತ್ತಾರೆಂದು ಅಲ್ಲೇ ಬೆಳೆದ ನನಗಾದರೂ ಹೊಳೆಯಬೇಕಿತ್ತು. ದಯವಿಟ್ಟು ಹಾಕಿ ಎಂದು ಮತ್ತೆ ಬರೆದೆವು. ಅದೂ ನಮ್ಮ ಸೌಜನ್ಯವೇ ಎಂದು ಅವರಿಗೆ ಅನ್ನಿಸಿರಬೇಕು, ಮತ್ತೊಂದು ಡಬ್ಬಿ ಬಂತು. ಒಂಟಿ ಮನುಷ್ಯನ ಇದ್ದೊಂದು ಸುಖವನ್ನೂ ಕಿತ್ತುಕೊಂಡೆವಲ್ಲ ಎಂದು ಅಮ್ಮನಿಗೆ ಊಟ ಸೇರಲಿಲ್ಲ.

ಐದನೆಯ ದಿನ ಸರಿಯಾಗಿ ಮೂರಕ್ಕೆ ಅವಳು ಬಾಲ್ಕನಿಗೆ ಹೋಗಿ ಒಣಹಾಕಿದ ಬಟ್ಟೆ ಸರಿಸಿದಳು.

"ಏನ್ ಮಾಡ್ತಿದೀಯ? ನಂದು ಕಾಲ್ ಇದೆ" ಎಂದರು ಅಪ್ಪ.

"ಮ್ಯೂಟ್ ಮಾಡ್ಕೊಳ್ಳಿ."

ಆ ಹಾಡಿನ ಮಾತುಗಳು ಅವಳಿಗೆ ಬಾರವು. ಧಾಟಿಗೆ ಸ್ವರ ಹಾಕಿ ಹಾಡಿದಳು. ಮೊದಲು ಗಂಟಲು ನಡುಗಿತು, ಒಂದೆರಡು ಕಡೆ ಒಡೆಯಿತು ಕೂಡ. ಆಮೇಲೆ ಮೇಲಿನ ಷಡ್ಜ ಸಿಕ್ಕಿತು, ಸಿಕ್ಕಿದ್ದನ್ನು ಅವಳು ಬಿಡಲಿಲ್ಲ. ಎದುರು ಕಟ್ಟಡದ ಕಿಟಕಿಗಳು ಒಂದೊಂದಾಗಿ ತೆರೆದವು. ಹೆಮ್ಮೆಯಿಂದ ನನಗೆ ಅಳು ಬಂತು. ಅಷ್ಟರಲ್ಲಿ ಮೇಲೆ ಬಾಗಿಲು ಸರಿದು ಗಿಟಾರು ಹೊರಬಿತ್ತು, ಹಿಂದೆಂದೂ ಇಲ್ಲದಷ್ಟು ಜೋರಾಗಿ. ಶ್ರುತಿ ಬೇರೆ ಇತ್ತು. ಅಮ್ಮ ಅರೆಕ್ಷಣ ತಡೆದು ಅದಕ್ಕೇ ಹೋಗಿ ಸೇರಿದಳು. ಹಾಡು ಮುಗಿದಾಗ ಮಾಸ್ಕ್ ಹಾಕಿದ ಮುಖವೊಂದು ಮೇಲಿನಿಂದ ಬಾಗಿ ಏನೋ ಕೇಳಿತು.

"ಇನ್ನೊಂದ್ಸಲ ಅಂತೆ, ಅಮ್ಮ" ಎಂದೆ.

ಆ ಕಟ್ಟಡವನ್ನು ಈಗ ಕೆಡವಿದ್ದಾರೆ. ಓಕಾದಾ ಸಾನ್ ತೀರಿಕೊಂಡ ಸುದ್ದಿ ಬಂದಾಗ ನಾವು ಮನೆ ಬದಲಿಸಿ ಗ್ಯೋಟೋಕುವಿನಲ್ಲಿದ್ದೆವು. ಅಮ್ಮ ಎದ್ದು ಮನೆಯ ಕಿಟಕಿಗಳನ್ನೆಲ್ಲ ತೆರೆದು, ಪೂರ್ತಿ ದನಿಯಲ್ಲಿ ಹಾಡಿದಳು. ಅಕ್ಕಪಕ್ಕದ ಯಾರನ್ನೂ ಮೊದಲು ಕ್ಷಮೆ ಕೇಳಲಿಲ್ಲ.