ಗಂಡನ ಹೆಸರಿನ ಕಾಲಂ

ಇದನ್ನು ಮೂರು ಸಲ ಬರೆದು ಹರಿದೆ. ಮೂರರಲ್ಲೂ ನಾನು ಇದ್ದದ್ದಕ್ಕಿಂತ ಒಳ್ಳೆಯವಳಾಗಿ ಕಾಣುತ್ತಿದ್ದೆ.

ತಮಿಳುನಾಡಿನಲ್ಲಿದ್ದೂ ಕನ್ನಡ ಮಾತಾಡುವ ನಮ್ಮೂರು ಕಂಬಂ ಮತ್ತು ಗೂಡಲೂರಿನ ನಡುವೆ, ಮುಖ್ಯರಸ್ತೆಯಿಂದ ಒಳಗಿದೆ. ಬೆಳಗಿನ ಐದಕ್ಕೆ ಊರ ಹೆಂಗಸರು ಜೀಪು ಹತ್ತಿ ಕುಮಿಳಿ ಘಟ್ಟದಾಚೆಯ ಏಲಕ್ಕಿ ತೋಟಗಳಿಗೆ ಕೂಲಿಗೆ ಹೋಗುತ್ತಾರೆ. ಎಂಟು ಮಂದಿಯ ಜೀಪಿನಲ್ಲಿ ಹದಿನೆಂಟು ಮಂದಿ. ನನ್ನ ಅಣ್ಣನ ಹೆಂಡತಿ ಹಿಂದಿನ ಹಲಗೆಯ ಮೇಲೆ, ಕಾಲು ಹೊರಗೆ ಬಿಟ್ಟು ಕೂರುತ್ತಿದ್ದಳು. ಹೆಂಗಸರಿಗೆ ಟಿಕೆಟ್ಟಿಲ್ಲದ ಸರ್ಕಾರಿ ಬಸ್ಸು ಉಂಟು, ಆದರೆ ಅದು ಬರುವುದು ಏಳೂವರೆಗೆ. ಅಷ್ಟು ಹೊತ್ತಿಗೆ ತೋಟದಲ್ಲಿ ಹಾಜರಿ ಮುಗಿದಿರುತ್ತದೆ.

ನಾನು ದಿಂಡುಗಲ್ಲಿನಲ್ಲಿ ಪಾಠ ಹೇಳುತ್ತೇನೆ. ರಾಜ್ಯದ ಹವಾಮಾನ ಬದಲಾವಣೆ ಯೋಜನೆಗೆ ಜನರ ಅಭಿಪ್ರಾಯ ಕೇಳುವ ಸಭೆಗಳಿಗೆ ವರ್ಷಗಟ್ಟಲೆ ಹೋದೆ. ಪರದೆಯ ಮೇಲೆ ದೊಡ್ಡ ನಗರದ ಬ್ಯಾಟರಿ ಬಸ್ಸುಗಳು ಓಡುತ್ತಿದ್ದವು. ನಾನು ಎದ್ದು ನಿಂತು, ಹೊಗೆ ಕಾರುತ್ತ ಘಟ್ಟ ಹತ್ತುವ ಜೀಪುಗಳ ಬದಲು ಬೆಳಗಿನ ಐದಕ್ಕೆ ಒಂದು ಬಸ್ಸು ಬಿಟ್ಟರೆ ಅದೂ ಹವಾಮಾನದ ಕೆಲಸವೇ ಎನ್ನುತ್ತಿದ್ದೆ. ಅಧಿಕಾರಿಗಳು ಬರೆದುಕೊಳ್ಳುತ್ತಿದ್ದರು. ಆಮೇಲೆ ಊಟ. ಪ್ರತಿ ಸಲವೂ ಅದೇ ಮಾತು, ಅದೇ ಊಟ. ಕೊನೆಗೊಬ್ಬರು, ಊರಿನವರ ಸಹಿ ಇರುವ ಅರ್ಜಿ ತನ್ನಿ ಅಂದರು.

ಅರ್ಜಿಯ ಹಾಳೆಯಲ್ಲಿ ಹೆಸರು, ಗಂಡನ ಹೆಸರು, ವಯಸ್ಸು ಅಂತ ಕಾಲಂ ಎಳೆದೆ. ನಮ್ಮಲ್ಲಿ ವಯಸ್ಸಾದ ಹೆಂಗಸರು ಗಂಡನ ಹೆಸರನ್ನು ಬಾಯಲ್ಲಿ ಹೇಳುವುದಿಲ್ಲ. ಹಾಗಾಗಿ ಒಬ್ಬೊಬ್ಬಳ ಗಂಡನ ಹೆಸರನ್ನೂ ಪಕ್ಕದವಳು ಹೇಳಿದಳು.

"ಅವನಾ? ಕೋಳಿ ಅಂತ ಬರ್ಕೊ."

"ನಿನ್ ಯಜಮಾನ್ರನ್ನ ಏನಂತ ಬರಸ್ಲಿ ಮತ್ತೆ, ಗೊರಕೆ ಅಂತಲಾ?"

"ಅಂಗೇ ಬರಿ ಟೀಚರಮ್ಮ. ಸರ್ಕಾರಕ್ಕೂ ತಿಳೀಲಿ."

ಕೋಳಿ, ಗೊರಕೆ ಬರೆಯಲಿಲ್ಲ. ಆದರೆ ಪಕ್ಕದವಳು ಹೇಳಿದ್ದು ಊರಲ್ಲಿ ಕೂಗುವ ಹೆಸರು, ಆಧಾರ್ ಕಾರ್ಡಿನ ಹೆಸರಲ್ಲ. ಅದನ್ನೇ ಬರೆದೆ. ನನ್ನ ಸ್ವಂತ ಅಣ್ಣನದನ್ನೂ ಹಾಗೆಯೇ ಬರೆದೆ. ಕಾರ್ಡು ತರಿಸಿ ನೋಡಬಹುದಿತ್ತು. ಆ ನಗು ಕೆಡದಿರಲಿ ಅಂತ ಬಿಟ್ಟೆ ಎಂದು ಹೇಳಿಕೊಳ್ಳಲು ಆಸೆ. ಸೋಮಾರಿತನವೇ ಇರಬೇಕು.

ಅರ್ಜಿಯ ಸುದ್ದಿ ಜೀಪಿನವನಿಗೆ ಮುಟ್ಟಿತು. ಮೊದಲ ಸಹಿ ಅತ್ತಿಗೆಯದು. ಮರುದಿನ ಅವಳಿಗೆ ಮಾತ್ರ ಜಾಗವಿರಲಿಲ್ಲ.

"ನಿಂಗೆ ಬಸ್ಸು ಬತ್ತದಲ್ಲಕ್ಕ, ಅದ್ರಲ್ಲೇ ಬಾ."

ಅಂದಿನಿಂದ ಅವಳಿಗೆ ಕೆಲಸವಿಲ್ಲ. ಎರಡು ತಿಂಗಳ ಮೇಲೆ ಕಚೇರಿಯಿಂದ ಕಾಗದ ಬಂತು: ಹೆಸರುಗಳು ಕಾರ್ಡಿಗೆ ಹೊಂದುವುದಿಲ್ಲ, ಸಹಿಗಳ ಬಗ್ಗೆ ಅನುಮಾನವಿದೆ, ಮೊದಲ ಸಹಿ ಹಾಕಿದವರು ಖುದ್ದಾಗಿ ಬಂದು ಹೇಳಿಕೆ ಕೊಡಬೇಕು.

ಹೋದೆವು. ಅಧಿಕಾರಿ ಒರಟನಲ್ಲ, ನಮ್ಮನ್ನು ಕೂರಿಸಿ ನೀರು ಕೊಡಿಸಿದ. ಗಂಡನ ಹೆಸರೇನು ಎಂದು ತಮಿಳಿನಲ್ಲಿ ಕೇಳಿದ. ಅತ್ತಿಗೆ ನನ್ನ ಕಡೆ ನೋಡಿದಳು. ನಾನು ಹೇಳಿದೆ.

"ನೀವಲ್ಲ, ಅವರು ಹೇಳಬೇಕು."

ಅತ್ತಿಗೆ ಕಾರ್ಡು ತೆಗೆದು ಮೇಜಿನ ಮೇಲಿಟ್ಟು, ಹೆಸರಿನ ಮೇಲೆ ಬೆರಳಿಟ್ಟಳು. ಅವನು ಕಾದ. ಆಮೇಲೆ ಅವಳು ಹೇಳಿದಳು. ಇದನ್ನು ಮೊದಲ ಸಲ ಬರೆದಾಗ ಅವಳ ದನಿ ನಡುಗಿತ್ತು. ಎರಡನೆಯದರಲ್ಲಿ ತಲೆಯೆತ್ತಿ ಹೇಳಿದ್ದಳು. ಎರಡೂ ನನ್ನ ಕಟ್ಟುಕತೆ. ಅಂಗಡಿಯಲ್ಲಿ ಉಪ್ಪು ಕೇಳುವ ಹಾಗೆ ಕೇಳಿಸಿತು, ಅಷ್ಟೆ. ಮುಖ ಹೇಗಿತ್ತೋ ಗೊತ್ತಿಲ್ಲ. ನಾನು ಗೋಡೆಯ ಕ್ಯಾಲೆಂಡರ್ ನೋಡುತ್ತಿದ್ದೆ.

ಹೊರಗೆ ಬಂದು ಚಪ್ಪಲಿ ಮೆಟ್ಟುತ್ತ ಅಂದಳು: "ಯೋಳ್ಬುಟ್ಟೆ. ಇನ್ನು ಬಸ್ಸು ಬರ್ದಿದ್ರೆ ನಿನ್ನ ಸುಮ್ನೆ ಬುಡಲ್ಲ."

ಬಸ್ಸು ಬಂತು. ಬ್ಯಾಟರಿಯದಲ್ಲ, ಕಿಟಕಿಗಳು ಗಡಗಡ ಅನ್ನುವ ಹಳೆಯ ಡೀಸೆಲ್ ಬಸ್ಸು. ಒಂದು ತಿಂಗಳ ಪರೀಕ್ಷೆ. ಜನ ಸಾಕಷ್ಟು ಹತ್ತಿದರೆ ಉಳಿಯುತ್ತದೆ. ಮೊದಲ ದಿನ ಹತ್ತಿದ್ದು ಅತ್ತಿಗೆ ಮತ್ತು ನಾನು. ಅದಕ್ಕಿಂತ ಹತ್ತು ನಿಮಿಷ ಮುಂಚೆ ಜೀಪು ಬಂದು ಉಳಿದವರನ್ನೆಲ್ಲ ಹೊತ್ತೊಯ್ದಿತ್ತು. ಸಂಜೆ ಆ ಹೆಂಗಸರ ಹತ್ತಿರ ಹೋಗಿ, ಯಾಕೆ ಹತ್ತಲಿಲ್ಲ ಎಂದು ಕೇಳಿದೆ.

"ತಿಂಗಳಾದ್ಮೇಲೆ ಬಸ್ಸು ನಿಂತೋದ್ರೆ ಜೀಪಿನವನು ಹತ್ತಿಸ್ಕೊತಾನಾ? ನಿಮ್ಮತ್ತಿಗೇನ ಏನ್ಮಾಡ್ದ, ನೋಡ್ಲಿಲ್ವಾ?"

 

ನನಗೆ ಬೇಸಿಗೆ ರಜೆ. ದಿನಾ ಕುಮಿಳಿಯವರೆಗೆ ಹೋಗಿ ಬಂದೆ. ಕಂಡಕ್ಟರ್ ಹಾಳೆಯಲ್ಲಿ ಇಬ್ಬರು ಅಂತ ಬರೆದುಕೊಳ್ಳುತ್ತಿದ್ದ. ನಾಲ್ಕನೆಯ ದಿನ ಘಟ್ಟದ ತಿರುವಿನಲ್ಲಿ ಅತ್ತಿಗೆ ಕೇಳಿದಳು.

"ನೀನು ಯಾವ ತೋಟಕ್ಕೆ ಬತ್ತಾ ಇದ್ದೀಯ?"

"ಒಂದು ತಲೆ ಜಾಸ್ತಿಯಾಗ್ಲಿ ಅಂತ, ಅತ್ತಿಗೆ."

"ನೀನು ಒಂದ್ಸಲ ಸುಳ್ಳು ಬರ್ದಿದ್ದಕ್ಕೆ ನಾನು ಹೋಗಿ ಆ ಆಫೀಸಲ್ಲಿ ನಿಂತೆ. ಇದೂ ಸುಳ್ಳು ಲೆಕ್ಕಾನೇ, ಇನ್ನೊಂದ್ಸಲ ನಿಲ್ಲಕ್ಕಾಗಲ್ಲ. ನಾಳೆಯಿಂದ ಮನೇಲಿ ಮಲಕ್ಕೊ."

ಮರುದಿನ ನಿಲ್ದಾಣಕ್ಕೆ ಹೋದೆ, ಹತ್ತಲಿಲ್ಲ. ಕಂಡಕ್ಟರ್ ನನ್ನನ್ನೇ ನೋಡುತ್ತ ಸ್ವಲ್ಪ ಕಾದು, ಸೀಟಿ ಊದಿದ. ಬಸ್ಸು ಅತ್ತಿಗೆ ಒಬ್ಬಳನ್ನೇ ಕೂರಿಸಿಕೊಂಡು ಹೋಯಿತು.

ಬಸ್ಸು ಶುರುವಾಗಿ ಇವತ್ತಿಗೆ ಹನ್ನೊಂದನೆಯ ದಿನ. ನಿನ್ನೆ ಇನ್ನಿಬ್ಬರು ಹತ್ತಿದರಂತೆ. ಅತ್ತಿಗೆ ಹೇಳಿದ್ದು. ನಾನು ನೋಡಿಲ್ಲ.